ಗುಜರಿಯವನೂ ಮುಟ್ಟದ ಪ್ಲಾಸ್ಟಿಕ್

ತೀರ್ಥಹಳ್ಳಿ ಸೇತುವೆಯ ಮೇಲೆ ನಿಂತು ಒಂದು ಚಿಪ್ಸ್ ಕವರನ್ನು ಕೈಬಿಟ್ಟರೆ ಅದು ತುಂಗೆಯ ಪಾಲು. ಮಂಡಗದ್ದೆ, ಗಾಜನೂರು, ಶಿವಮೊಗ್ಗ ದಾಟಿ ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಅಲ್ಲಿಂದ 531 ಕಿಲೋಮೀಟರ್ ತುಂಗಭದ್ರೆಯಾಗಿ ಹರಿದು ಕೃಷ್ಣೆಗೆ, ಕೊನೆಗೆ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳಕೊಲ್ಲಿಗೆ. ಅದೇ ಕವರು ಇದೇ ತಾಲ್ಲೂಕಿನ ಅಂಬುತೀರ್ಥದ ಹತ್ತಿರ ಬಿದ್ದರೆ ದಾರಿ ಬೇರೆ. ಅದು ಶರಾವತಿಗೆ ಸೇರುತ್ತದೆ. ಲಿಂಗನಮಕ್ಕಿ, ಜೋಗ, ಗೇರುಸೊಪ್ಪೆ, ಹೊನ್ನಾವರ, ಅರಬ್ಬೀ ಸಮುದ್ರ. ಒಂದೇ ತಾಲ್ಲೂಕಿನ ಕಸಕ್ಕೆ ಎರಡು ಸಮುದ್ರದ ದಾರಿ ಇದೆ.

ಹಾಗಂತ ನಾವು ಬಿಟ್ಟದ್ದೆಲ್ಲ ನೇರ ಸಮುದ್ರಕ್ಕೇ ಹೋಗುತ್ತದೆ ಎಂದರೆ ಸುಳ್ಳಾಗುತ್ತದೆ. ನಡುವೆ ಅಣೆಕಟ್ಟುಗಳಿವೆ. ಶರಾವತಿಯ ಮೇಲ್ಭಾಗದ ಕಸದ ದೊಡ್ಡ ಪಾಲು ಲಿಂಗನಮಕ್ಕಿ ಹಿನ್ನೀರಿನಲ್ಲೇ ನಿಲ್ಲುತ್ತದೆ. ಆಗುಂಬೆ ಘಾಟಿಯ ಕೆಳಗೆ ಸೀತಾನದಿಗೆ ಬಿದ್ದದ್ದಕ್ಕೆ ಮಾತ್ರ ಅಂಥ ದೊಡ್ಡ ಜಲಾಶಯದ ತಡೆ ಇಲ್ಲ, ಅದಕ್ಕೆ ಕಡಲು ಹತ್ತಿರ. ಯಾವುದು ಎಲ್ಲಿ ನಿಲ್ಲುತ್ತದೆ, ಯಾವುದು ಮುಂದೆ ಹೋಗುತ್ತದೆ ಎಂಬುದು ಅದು ಯಾವ ಪ್ಲಾಸ್ಟಿಕ್ ಎಂಬುದರ ಮೇಲಿದೆ. ಮನೆಯಲ್ಲೇ ನೋಡಬಹುದು. ಒಂದು ಬಕೆಟ್ ನೀರಿಗೆ ನೀರಿನ ಬಾಟಲಿಯ ಚೂರು, ಅದರ ಮುಚ್ಚಳ, ಹಾಲಿನ ಕವರಿನ ಚೂರು, ಹಳೇ ವೈರಿನ ಸಿಪ್ಪೆ ಹಾಕಿ. ಬಾಟಲಿಯ ಚೂರು ಮತ್ತು ವೈರಿನ ಸಿಪ್ಪೆ ಮುಳುಗುತ್ತವೆ, ಯಾಕೆಂದರೆ ಪೆಟ್ ಮತ್ತು ಪಿವಿಸಿ ನೀರಿಗಿಂತ ಭಾರ. ಮುಚ್ಚಳ ಮತ್ತು ಹಾಲಿನ ಕವರು ತೇಲುತ್ತವೆ, ಅವು ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಮುಳುಗುವುದು ಹೊಳೆಯ ಗುಂಡಿಯಲ್ಲಿ, ಜಲಾಶಯದ ಹೂಳಿನಲ್ಲಿ ಕೂರುತ್ತದೆ. ತೇಲುವುದು ನೆರೆ ಬಂದಾಗ ಕಟ್ಟೆಯ ಮೇಲಿಂದಲೇ ಹಾರಿ ಮುಂದೆ ಹೋಗುತ್ತದೆ, ದಾರಿಯುದ್ದಕ್ಕೂ ಕಲ್ಲಿಗೆ ಬಡಿದು, ಬಿಸಿಲಿಗೆ ಸುಟ್ಟು, ಚೂರಾಗುತ್ತ.

ಹಿಂದೆ ಒಂದು ಮಾತು ಚಾಲ್ತಿಯಲ್ಲಿತ್ತು: ಸಮುದ್ರಕ್ಕೆ ಪ್ಲಾಸ್ಟಿಕ್ ತರುವುದು ಜಗತ್ತಿನ ಹತ್ತು ದೊಡ್ಡ ನದಿಗಳು ಅಂತ. 2021ರ ಒಂದು ಅಧ್ಯಯನ ಅದನ್ನು ತಿದ್ದಿತು. ನದಿಗಳಿಂದ ಕಡಲಿಗೆ ಹೋಗುವ ಪ್ಲಾಸ್ಟಿಕ್‌ನ ಶೇಕಡ 80ರಷ್ಟು ಸಾವಿರಕ್ಕೂ ಹೆಚ್ಚು ನದಿಗಳಿಂದ ಬರುತ್ತದೆ, ಅದರಲ್ಲಿ ಪೇಟೆಗಳ ನಡುವೆ ಹರಿಯುವ ಚಿಕ್ಕ ನದಿಗಳೇ ಬಹಳ. ಮಳೆ ಜಾಸ್ತಿ, ಇಳಿಜಾರು ಜಾಸ್ತಿ, ಸಮುದ್ರ ಹತ್ತಿರ ಇದ್ದ ಕಡೆ ಕಸ ಬೇಗ ತಲುಪುತ್ತದೆ. ಘಟ್ಟದ ಅಂಚಿನ ನಮ್ಮ ಊರುಗಳಿಗೆ ಇದು ಚೆನ್ನಾಗಿಯೇ ಹೊಂದುತ್ತದೆ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ. ಪ್ಲಾಸ್ಟಿಕ್ ಕಡಿಮೆ ಮಾಡಬೇಕು ಎಂದ ಕೂಡಲೇ ಎಲ್ಲರೂ ನೀರಿನ ಬಾಟಲಿ, ಬಕೆಟ್, ಕೊಡದ ಬಗ್ಗೆ ಮಾತಾಡುತ್ತಾರೆ. ಅವುಗಳನ್ನು ಗುಜರಿಯವನು ದುಡ್ಡು ಕೊಟ್ಟು ಒಯ್ಯುತ್ತಾನೆ. ರಸ್ತೆಬದಿಯಲ್ಲಿ ಬಿದ್ದರೂ ಯಾರೋ ಹೆಕ್ಕುತ್ತಾರೆ. ಯಾರೂ ಹೆಕ್ಕದ್ದು ತೆಳ್ಳಗಿನದು, ಚಿಕ್ಕದು, ಜಿಡ್ಡಾದದ್ದು: ಶಾಂಪೂ ಸ್ಯಾಷೆ, ಗುಟ್ಕಾ ಚೀಟು, ಹಾಲಿನ ಕವರಿನ ಮೂಲೆ, ಬೆಳ್ಳಿಬಣ್ಣದ ಒಳಮೈಯ ಚಿಪ್ಸ್ ಕವರು, ಸಾಂಬಾರು ಕಟ್ಟಿದ ಕೊಟ್ಟೆ (ತೆಳು ಚೀಲ), ಐಸ್‌ಕ್ರೀಮ್ ಚಮಚ. ನಿಮ್ಮ ಮನೆಯ ಒಂದು ವಾರದ ಒಣಕಸವನ್ನು ಅಂಗಳದಲ್ಲಿ ಸುರಿದು ಗುಜರಿಯವನ ಕಣ್ಣಲ್ಲಿ ನೋಡಿ. ಅವನು ಬಿಟ್ಟು ಹೋಗುವ ರಾಶಿ ಯಾವುದೋ, ಅದರಿಂದ ಶುರುಮಾಡಿ.

ಚಿಪ್ಸ್ ಕವರನ್ನು ಅವನು ಯಾಕೆ ಬಿಡುತ್ತಾನೆ? ಅದರಲ್ಲಿ ಎರಡು ಮೂರು ಬಗೆಯ ಪ್ಲಾಸ್ಟಿಕ್ ಪದರ, ನಡುವೆ ಅಲ್ಯೂಮಿನಿಯಂ ಲೇಪ ಅಂಟಿಕೊಂಡಿರುತ್ತವೆ. ಬಿಡಿಸಲು ಬರುವುದಿಲ್ಲ, ಬಿಡಿಸದೆ ಕರಗಿಸಿದರೆ ಕೆಲಸಕ್ಕೆ ಬಾರದ ಮುದ್ದೆ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಉರುವಲಾಗುತ್ತದೆ. ಅಲ್ಲಿಯವರೆಗೆ ಸಾಗಿಸುವ ಖರ್ಚನ್ನು ಯಾರು ಹಾಕುತ್ತಾರೆ? ಜಗತ್ತಿನಲ್ಲಿ 2015ರವರೆಗೆ ತಯಾರಾದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಕಸವಾದದ್ದರಲ್ಲಿ ಮರುಬಳಕೆಗೆ ಹೋದದ್ದು ಶೇಕಡ 9 ಮಾತ್ರ ಎಂದು 2017ರಲ್ಲಿ ಲೆಕ್ಕ ಹಾಕಿದ್ದಾರೆ. ಮರುಬಳಕೆ ಇದೆಯಲ್ಲ ಎಂಬ ಧೈರ್ಯದಲ್ಲಿ ಕೊಳ್ಳುವವರು ಈ ಒಂದು ಅಂಕಿ ನೆನಪಿಟ್ಟುಕೊಳ್ಳಿ.

ಹಾಲಿನ ಕವರಿನ ಮೂಲೆ ಎಂದೆ. ದಿನಕ್ಕೆ ಎರಡು ಅರ್ಧ ಲೀಟರ್ ಪ್ಯಾಕೆಟ್ ತರುವ ಮನೆ ವರ್ಷಕ್ಕೆ 730 ಮೂಲೆಗಳನ್ನು ಕತ್ತರಿಸಿ ಎಸೆಯುತ್ತದೆ. ಅವು ಸಿಂಕಿನ ಜಾಲರಿಯಲ್ಲಿ ಜಾರಿ ಚರಂಡಿಗೆ ಹೋಗುವ ಗಾತ್ರದವು. ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಮುಕ್ಕಾಲು ಭಾಗ ಸೀಳಿ, ಮೂಲೆ ಕವರಿಗೇ ಅಂಟಿಕೊಂಡಿರಲಿ. ಖರ್ಚಿಲ್ಲದ ಕೆಲಸ ಇದೊಂದೇ, ಇವತ್ತು ಸಂಜೆಯಿಂದಲೇ ಆಗುವಂಥದ್ದು. ಆಮೇಲೆ ಕವರನ್ನು ಸೀಳಿ ಬಿಡಿಸಿ, ತೊಳೆದು ಒಣಗಿಸಿದರೆ ಅದು ಒಳ್ಳೇ ಪಾಲಿಥೀನ್, ಮಾರಾಟವಾಗುತ್ತದೆ. ತೊಂದರೆ ಎಲ್ಲಿ ಅಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಏನೂ ಒಣಗುವುದಿಲ್ಲ. ಒದ್ದೆ ಕವರುಗಳನ್ನು ಚೀಲಕ್ಕೆ ತುಂಬಿದರೆ ವಾರದಲ್ಲಿ ಬೂಸ್ಟು, ನಾತ. ಗುಜರಿಯವನು ಬೇಡ ಅನ್ನುತ್ತಾನೆ. ಮಳೆಗಾಲದಲ್ಲಿ ಒಳಮೈ ಹೊರಗೆ ಮಾಡಿ ಬಟ್ಟೆಯಿಂದ ಒರೆಸಿ, ಒಲೆಯ ಮೇಲ್ಗಡೆ ಅಲ್ಲ, ಒಲೆಯ ಪಕ್ಕದ ಗೋಡೆಗೆ ಕಟ್ಟಿದ ದಾರಕ್ಕೆ ಸಿಕ್ಕಿಸಿ. ಕೈಯಿಟ್ಟರೆ ಬೆಚ್ಚಗಿರಬೇಕು, ಬಿಸಿ ತಾಗಬಾರದು. ಹೆಚ್ಚು ಹತ್ತಿರವಾದರೆ ಮುದುಡಿ ಒಂದಕ್ಕೊಂದು ಅಂಟುತ್ತದೆ.

ಒಲೆಯ ಮಾತು ಬಂತು. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾಗಬಹುದು, ಆದರೂ ಹೇಳಬೇಕು. ನಮ್ಮ ಕಡೆ ಪ್ಲಾಸ್ಟಿಕ್‌ನ ದೊಡ್ಡ ವಿಲೇವಾರಿ ಘಟಕ ಬಚ್ಚಲ ಒಲೆ. ಮಳೆಗಾಲದಲ್ಲಿ ಕಟ್ಟಿಗೆ ಹತ್ತುವುದಿಲ್ಲ, ಹಂಡೆ ನೀರು ಕಾಯಬೇಕು, ಕೈಗೆ ಸಿಕ್ಕ ಕವರಿಗೆ ಕಡ್ಡಿ ಗೀರಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಪಾಲಿಥೀನ್ ಪೂರ್ತಿ ಉರಿಯಬೇಕಾದರೆ ಬೇಕಾಗುವ ಶಾಖ ಮತ್ತು ಗಾಳಿ ಆ ಒಲೆಯಲ್ಲಿ ಇರುವುದಿಲ್ಲ. ಅರ್ಧ ಸುಟ್ಟದ್ದು ಕಪ್ಪು ಮಸಿಯಾಗಿ ಏಳುತ್ತದೆ, ಮುಂದೆ ಕುಳಿತವರು ಅದನ್ನೇ ಉಸಿರಾಡುತ್ತಾರೆ. ಪಿವಿಸಿ ಇನ್ನೂ ಕೆಟ್ಟದ್ದು. ವೈರಿನ ಸಿಪ್ಪೆ, ಪೈಪಿನ ಚೂರು, ಫ್ಲೆಕ್ಸ್, ರೆಕ್ಸಿನ್ ಇವುಗಳ ತೂಕದಲ್ಲಿ ಅರ್ಧದವರೆಗೂ ಕ್ಲೋರಿನ್ ಇರಬಹುದು. ಸುಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ಬರುತ್ತದೆ, ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಡಯಾಕ್ಸಿನ್ ಹುಲ್ಲಿನ ಮೇಲೆ ಕೂತು ದನದ ಕೊಬ್ಬಿಗೆ, ಅಲ್ಲಿಂದ ಹಾಲಿನ ಕೆನೆಗೆ ಬರುತ್ತದೆ. ಬಣ್ಣದ ಪ್ಲಾಸ್ಟಿಕ್‌ನಲ್ಲಿ ಸೀಸ, ಕ್ಯಾಡ್ಮಿಯಂ ಇದ್ದರೆ ಅವು ಸುಟ್ಟು ಇಲ್ಲವಾಗುವುದಿಲ್ಲ, ಒಂದಿಷ್ಟು ಹೊಗೆಗೆ ಸೇರಿ ಉಳಿದದ್ದು ಬೂದಿಯಲ್ಲೇ ಇರುತ್ತದೆ. ಆ ಬೂದಿಯಿಂದ ಪಾತ್ರೆ ತಿಕ್ಕುತ್ತೇವೆ, ಉಳಿದದ್ದನ್ನು ಬಸಳೆ ಬುಡಕ್ಕೆ ಹಾಕುತ್ತೇವೆ.

ಬಿಡಿ ಎಂದು ಹೇಳಿದರೆ ಆಗುವುದಿಲ್ಲ, ಬೆಂಕಿ ಹೊತ್ತಿಸಲು ಬೇರೆ ಏನಾದರೂ ಕೈಗೆ ಸಿಗಬೇಕು. ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಮಳೆಗಾಲದ ನಾಲ್ಕು ತಿಂಗಳಿಗೆ 120 ಬೆಂಕಿ, ದಿನಕ್ಕೆ ಅರ್ಧ ಹಾಳೆ ಎಂದರೂ 60 ಹಾಳೆ. ಹತ್ತು ಹನ್ನೆರಡು ಮರದ್ದು ಸಾಕು. ಏಪ್ರಿಲ್‌ನಲ್ಲಿ ಒಣಗಿಸಿ, ಕೈಯಗಲ ಸೀಳಿ, ಅಟ್ಟಕ್ಕೆ ಹಾಕಿ. ಜೊತೆಗೆ ಒಂದು ಮುಷ್ಟಿ ತೆಂಗಿನ ನಾರು, ಒಂದು ಕರಟ. ಕರಟ ಹೊತ್ತಿಕೊಂಡರೆ ಹಸಿ ಕಟ್ಟಿಗೆಯೂ ತಪ್ಪಿಸಿಕೊಳ್ಳಲಾರದು. ಮುಖ್ಯವಾದದ್ದು ಅಟ್ಟ. ಬಚ್ಚಲ ಮೂಲೆಯಲ್ಲೇ ಇಟ್ಟರೆ ಜುಲೈ ಹೊತ್ತಿಗೆ ಹಾಳೆ ಹಸಿ ಎಳೆದುಕೊಂಡು ಬಾಗುತ್ತದೆ, ಕೈ ಮತ್ತೆ ಕವರಿನ ಕಡೆಗೇ ಹೋಗುತ್ತದೆ.

ತೋಟಕ್ಕೆ ಬರೋಣ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗ ತಡೆಯಲು ಹಿಂದೆ ಕೊನೆಗೆ, ಅಂದರೆ ಅಡಿಕೆಯ ಗೊಂಚಲಿಗೆ, ಕರಡ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. ಅದನ್ನು ಹೆಣೆಯುವ ಕೈಗಳೂ ಮರ ಹತ್ತಿ ಕಟ್ಟುವ ಕೊನೆಗಾರರೂ ಕಡಿಮೆಯಾದ ಮೇಲೆ ಒಂದೆಡೆ ಬೋರ್ಡೋ ಸಿಂಪಡಣೆ, ಇನ್ನೊಂದೆಡೆ ಪ್ಲಾಸ್ಟಿಕ್ ಕೊಟ್ಟೆ ಬಂತು. ಪ್ಲಾಸ್ಟಿಕ್ ಕೊಟ್ಟೆ ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಮಳೆನೀರು ಕೊನೆಗೆ ತಾಗದಿದ್ದರೆ ರೋಗ ತರುವ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಗೆ ದಾರಿಯಿಲ್ಲ. ಕೆಡುವುದು ಅಕ್ಟೋಬರ್ ನಂತರ. ಬಿಸಿಲಿಗೆ ಗಡುಸಾಗಿ, ಪಾಚಿ ಹಿಡಿದು, ಕೊಯ್ಲಿನಲ್ಲಿ ಕೊನೆಯ ಜೊತೆ ಹರಿದು ಬೀಳುತ್ತದೆ. ಬುಡದಲ್ಲಿ ಬಿದ್ದದ್ದು ಸೊಪ್ಪು ಗೊಬ್ಬರದಡಿ ಸೇರುತ್ತದೆ, ಬಸಿಗಾಲುವೆಗೆ ಬಿದ್ದದ್ದು ಹಳ್ಳಕ್ಕೆ ಹೋಗುತ್ತದೆ.

ಇದಕ್ಕೆ ಲೆಕ್ಕದ ಉಪಾಯ ಬಿಟ್ಟರೆ ಬೇರೆ ಇಲ್ಲ. ಕಟ್ಟುವಾಗ ಎಷ್ಟು ಕೊಟ್ಟೆ ಮೇಲೆ ಹೋಯಿತು ಎಂದು ಗೋಡೆ ಮೇಲೆ ಬರೆದಿಡಿ, ಇಳಿಸುವಾಗ ಎಣಿಸಿ. ಹತ್ತಕ್ಕೆ ಒಂಬತ್ತಾದರೂ ಕೆಳಗೆ ಬರಬೇಕು. ಕೊಯ್ಲಿಗೆ ಕಾಯದೆ, ಮಳೆ ನಿಂತ ಎರಡು ಮೂರು ವಾರದಲ್ಲೇ ಇಳಿಸಿದರೆ ಹರಿಯುವುದಿಲ್ಲ. ಬಿಸಿಲಿಗೆ ಬಿಟ್ಟಷ್ಟೂ ಚೂರಾಗುತ್ತದೆ. ಇಳಿಸಿದ್ದನ್ನು ಬ್ಯಾರೆಲ್ ನೀರಿನಲ್ಲಿ ಅದ್ದಿ ಪಾಚಿ ತೊಳೆದು ನವೆಂಬರ್ ಬಿಸಿಲಿಗೆ ಒಂದು ದಿನ ಹರವಿ. ಹರಿಯದಿರುವುದು ಮುಂದಿನ ವರ್ಷಕ್ಕೆ, ಹರಿದದ್ದು ಕಟ್ಟು ಕಟ್ಟಿ ಗುಜರಿಗೆ. ಕೊನೆಗಾರರಿಗೆ ಇಳಿಸಿದ ಕೊಟ್ಟೆಗೆ ತಲಾ ಇಷ್ಟು ಎಂದು ಪ್ರತ್ಯೇಕ ಕೂಲಿ ಮಾತಾಡಿ. ಕೂಲಿಯಿಲ್ಲದ ಕೆಲಸವನ್ನು ಮರದ ತುದಿಯಲ್ಲಿ ಕುಳಿತವನು ಯಾಕೆ ಮಾಡಬೇಕು? ಶೇಕಡ 1ರ ಬೋರ್ಡೋ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಮಳೆ ಹಿಡಿಯುವ ಮುಂಚೆ ಒಮ್ಮೆ ಮತ್ತು 40–45 ದಿನದ ಮೇಲೆ ಇನ್ನೊಮ್ಮೆ ಹೊಡೆಯಲು ಹೊಳವು (ಮಳೆಯ ಬಿಡುವು) ಸಿಗುವ ಜಾಗದಲ್ಲಿ ಕೊಟ್ಟೆ ಬೇಕಾಗುವುದಿಲ್ಲ. ಆಗುಂಬೆಯಂಥ ಏಳು ಸಾವಿರ ಮಿಲಿಮೀಟರ್ ಮಳೆಯ ಕಡೆ ಆ ಹೊಳವೇ ಸಿಗುವುದಿಲ್ಲ. ಅಲ್ಲಿಯವರಿಗೆ ಕೊಟ್ಟೆ ಬಿಡಿ ಎನ್ನುವುದಕ್ಕಿಂತ ಕೊಟ್ಟೆ ಎಣಿಸಿ ಎನ್ನುವುದು ನ್ಯಾಯ.

ಶುಂಠಿ ಬೆಳೆಯುವವರು ಇಲ್ಲಿದ್ದರೆ ಒಂದು ಮಾತು. ಔಷಧಿ ಬಾಟಲಿ ಖಾಲಿಯಾದಾಗ ಅದರ ಕಾಲುಭಾಗ ನೀರು ತುಂಬಿ, ಮುಚ್ಚಳ ಹಾಕಿ ಅರ್ಧ ನಿಮಿಷ ಕುಲುಕಿ, ಆ ನೀರನ್ನು ಸ್ಪ್ರೇಯರ್ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ಟ್ಯಾಂಕನ್ನು ಮೊದಲೇ ಬಾಯಿಮಟ್ಟ ತುಂಬಿದರೆ ಈ ನೀರಿಗೆ ಜಾಗ ಇರುವುದಿಲ್ಲ, ಆಗ ಅದು ಹಳ್ಳಕ್ಕೆ ಹೋಗುತ್ತದೆ. ತೊಳೆದ ಮೇಲೆ ಬಾಟಲಿಗೆ ತೂತು ಹೊಡೆಯಿರಿ, ಯಾರೂ ಅದರಲ್ಲಿ ಎಣ್ಣೆ ತರಬಾರದು.

ಈಗ ಮದುವೆ ಮನೆ. 600 ಜನದ ಊಟ ಅಂತಿಟ್ಟುಕೊಳ್ಳಿ. ತಲೆಗೆ ಎರಡು ಚಿಕ್ಕ ಬಾಟಲಿ ಎಂದರೆ 1,200. ಅರ್ಧ ಕುಡಿದು ಎಲೆಯೊಳಗೇ ಮಡಚಿಟ್ಟು ಏಳುತ್ತಾರೆ. ಎಲೆ ಗೊಬ್ಬರದ ಗುಂಡಿಗೆ ಹೋದಾಗ ಬಾಟಲಿಯೂ ಅಲ್ಲಿಗೇ. ಮರುವರ್ಷ ಗುಂಡಿ ತೆಗೆಯುವವರು ಬೈಯುತ್ತಾರೆ. ಬದಲಿಗೆ ಸ್ಟೀಲ್ ಲೋಟ. ಎಷ್ಟು ಬೇಕು ಎಂದು ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಅರ್ಧದಲ್ಲಿ ಕೈಕೊಡುತ್ತದೆ. ಪಂಕ್ತಿಗೆ 150 ಜನ ಕೂರುವುದಾದರೆ ಎಲೆಯ ಮುಂದೆ 150, ತೊಳೆಯುವಲ್ಲಿ 150, ಪಾನಕ-ಕಾಫಿ ಕಡೆ 100. ಒಟ್ಟು 400. ಪಾತ್ರೆ ಬಾಡಿಗೆಗೆ ಕೊಡುವವರ ಹತ್ತಿರ ಇಷ್ಟು ಸಿಗುತ್ತದೆ, ಊರಿನ ದೇವಸ್ಥಾನದಲ್ಲೂ ಇದ್ದರೆ ಇನ್ನೂ ಸುಲಭ. ತೊಳೆಯಲು ಮೂರು ಟಬ್ಬು: ಸೋಪಿನ ನೀರು, ತಣ್ಣೀರು, ಬಿಸಿನೀರು. ಮೂರು ಜನ ಕೆಲಸಕ್ಕೆ. ಪ್ರತಿ ಪಂಕ್ತಿಗೆ ನಡುವಿನ ಟಬ್ಬಿನ ನೀರು ಬದಲಿಸಬೇಕು, ಇಲ್ಲವಾದರೆ ಲೋಟಕ್ಕೆ ಸೋಪಿನ ವಾಸನೆ. ತೊಳೆದದ್ದನ್ನು ಒಂದರೊಳಗೊಂದು ಪೇರಿಸಬೇಡಿ, ಬಿದಿರ ತಟ್ಟಿಯ ಮೇಲೆ ಬೋರಲು ಹಾಕಿ. ಒದ್ದೆ ಲೋಟ ಮೂಗಿನ ಹತ್ತಿರ ಬಂದ ಕ್ಷಣವೇ ನೆಂಟರು ಬಾಟಲಿ ಇಲ್ಲವೇ ಎಂದು ಕೇಳುತ್ತಾರೆ.

ನೀರಿನ ಬಗ್ಗೆ ನಂಬಿಕೆಯೂ ಬೇಕು. ತಲೆಗೆ ಒಂದು ಲೀಟರ್ ಎಂದು 600 ಲೀಟರ್, ಹಿಂದಿನ ಸಂಜೆಯೇ ಕುದಿಸಿ ಆರಿಸಿರಬೇಕು. ಬೆಳಗ್ಗೆ ಕುದಿಸಿದರೆ ಊಟದ ಹೊತ್ತಿಗೆ ಆರುವುದಿಲ್ಲ. ಲಾವಂಚದ ಬೇರು ಹಾಕಿ ಕುದಿಸಿದರೆ ಘಮವೇ ಹೇಳುತ್ತದೆ ಇದು ಕಾಯಿಸಿದ್ದು ಅಂತ.

ಪೇಪರ್ ಲೋಟ ಪರ್ವಾಗಿಲ್ಲವಾ ಎಂದು ಪ್ರತಿ ಊರಿನಲ್ಲೂ ಕೇಳುತ್ತಾರೆ. ಪರ್ವಾ ಇದೆ. ಅದರ ಒಳಮೈಗೆ ಪಾಲಿಥೀನ್ ಲೇಪ ಇರುತ್ತದೆ, ಇಲ್ಲವಾದರೆ ಕಾಫಿ ಸೋರುತ್ತದೆ. ಐಐಟಿ ಖರಗ್‌ಪುರದವರು 2020ರಲ್ಲಿ ನೋಡಿದ್ದು: 85ರಿಂದ 90 ಡಿಗ್ರಿ ಬಿಸಿಯ 100 ಮಿಲಿಲೀಟರ್ ದ್ರವ ಪೇಪರ್ ಲೋಟದಲ್ಲಿ 15 ನಿಮಿಷ ಇದ್ದರೆ ಮೈಕ್ರಾನ್ ಗಾತ್ರದ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ, ಪ್ಲಾಸ್ಟಿಕ್ ಕಣಗಳು ಸುಮಾರು 25,000ದಷ್ಟು ಅದಕ್ಕೆ ಬೆರೆಯುತ್ತವೆ. ಗುಜರಿಗೂ ಅದು ಬೇಡ, ಯಾಕೆಂದರೆ ಕಾಗದವೂ ಅಲ್ಲ ಪ್ಲಾಸ್ಟಿಕ್ಕೂ ಅಲ್ಲ. ತಟ್ಟೆಗೆ ಮಾತ್ರ ನಾವು ಪುಣ್ಯವಂತರು, ಹಾಳೆ ತಟ್ಟೆ ನಮ್ಮ ತೋಟದ್ದೇ. ಮಳೆಗಾಲದ ಮದುವೆಗೆ ತರಿಸುವುದಾದರೆ ಮೇ ತಿಂಗಳಲ್ಲೇ ತರಿಸಿ ಬೆಚ್ಚಗಿನ ಜಾಗದಲ್ಲಿಡಿ, ಹಸಿ ತಾಗಿದರೆ ಕಪ್ಪು ಚುಕ್ಕೆ ಬೂಸ್ಟು ಬರುತ್ತದೆ.

ಕೈಚೀಲದ ಬಗ್ಗೆ ಬಹಳ ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತು. ಒಂದು ಮೋಸ ಮಾತ್ರ ಗಮನಿಸಿ. ಬಟ್ಟೆ ಅಂಗಡಿಗಳಲ್ಲಿ ಕೊಡುವ, ಬಟ್ಟೆಯಂತೆಯೇ ಕಾಣುವ ಬಣ್ಣದ ಚೀಲ ಬಟ್ಟೆಯಲ್ಲ, ಪಾಲಿಪ್ರೊಪಿಲೀನ್. ಒಂದು ಎಳೆ ಕಿತ್ತು ಕಡ್ಡಿ ಗೀರಿ ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪ್ಲಾಸ್ಟಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಗೆಯೇ ಹೊಸ ಹತ್ತಿ ಚೀಲ ಕೊಂಡು ನಾಲ್ಕು ಸಲ ಬಳಸಿ ಮೂಲೆಗೆ ಹಾಕಿದರೆ ಲಾಭವಿಲ್ಲ. 2011ರಲ್ಲಿ ಬ್ರಿಟನ್ನಿನ ಪರಿಸರ ಇಲಾಖೆಯ ಲೆಕ್ಕದಂತೆ, ಒಮ್ಮೆ ಬಳಸಿ ಎಸೆಯುವ ತೆಳು ಕವರಿಗಿಂತ ಭೂತಾಪದ ದೃಷ್ಟಿಯಿಂದ ಹತ್ತಿ ಚೀಲ ಮೇಲು ಎನಿಸಬೇಕಾದರೆ ಅದನ್ನು 131 ಸಲ ಬಳಸಬೇಕು. ಹಳೇ ಸೀರೆ, ಪಂಚೆಯಲ್ಲಿ ಹೊಲಿದುಕೊಂಡರೆ ಈ ಲೆಕ್ಕದ ಗೋಜೇ ಇಲ್ಲ. ಮೀನಿಗೆ ಚೀಲ ಆಗುವುದಿಲ್ಲ, ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯಿರಿ. ಮೊದಲು ಖಾಲಿ ಡಬ್ಬಿಯನ್ನು ತಕ್ಕಡಿಗಿಟ್ಟು ಸೊನ್ನೆ ಮಾಡಿಸಿ, ಆಮೇಲೆ ಮೀನು. ಇದನ್ನು ಕೇಳಲು ಸಂಕೋಚಪಟ್ಟು ಎಷ್ಟೋ ಜನ ಡಬ್ಬಿ ಮನೆಯಲ್ಲೇ ಬಿಡುತ್ತಾರೆ.

‘ಕಾಂಪೋಸ್ಟ್ ಆಗುತ್ತದೆ’ ಎಂದು ಬರೆದ ಹಸಿರು ಕವರುಗಳೂ ಬಂದಿವೆ. ಅವು ಕರಗಲು ಸುಮಾರು 58 ಡಿಗ್ರಿ ಶಾಖ ವಾರಗಟ್ಟಲೆ ಬೇಕು. ನಮ್ಮ ತಣ್ಣಗಿನ ಗೊಬ್ಬರದ ಗುಂಡಿಯಲ್ಲಿ ಅದು ಹಾಗೇ ಕೂತಿರುತ್ತದೆ, ಹೊಳೆಯಲ್ಲಂತೂ ಬೇರೆ ಕವರಿನಂತೆಯೇ.

ಕಾನೂನು ಇದೆ. ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್‌ನ ಕೈಚೀಲ, ತಟ್ಟೆ, ಲೋಟ, ಊಟದ ಮೇಜಿಗೆ ಹಾಸುವ ಹಾಳೆ ಎಲ್ಲವನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಸ್ಟ್ರಾ, ಚಮಚ, ಕಿವಿಕಡ್ಡಿ, ಥರ್ಮೊಕೋಲ್ ಅಲಂಕಾರ ಇತ್ಯಾದಿಗಳ ನಿಷೇಧ. ಗುಟ್ಕಾ, ಪಾನ್ ಮಸಾಲೆಗೆ ಪ್ಲಾಸ್ಟಿಕ್ ಸ್ಯಾಷೆ ಕೂಡದೆಂದು 2016ರ ನಿಯಮವೇ ಹೇಳುತ್ತದೆ. ಅಡಿಕೆಯ ಜಿಲ್ಲೆಯವರಾದ ನಾವು ಇದನ್ನು ಕೇಳಿ ಸುಮ್ಮನಿರುವುದು ಕಷ್ಟ. ಬಟ್ಟೆಯ ಚಂಚಿಯಲ್ಲಿ ಕವಳ (ಎಲೆ-ಅಡಿಕೆ) ಒಯ್ಯುತ್ತಿದ್ದ ನಾಡು ಇದು. ಆದರೆ ಚಿಪ್ಸ್, ಬಿಸ್ಕತ್ತು, ಶಾಂಪೂ ಕವರು ಯಾವ ನಿಷೇಧದಲ್ಲೂ ಇಲ್ಲ. ಶಾಂಪೂವನ್ನು ದೊಡ್ಡ ಬಾಟಲಿಯಲ್ಲಿ ಕೊಳ್ಳಿ ಎನ್ನುವುದೂ ಸುಲಭದ ಉಪದೇಶ, ಎಷ್ಟೋ ಸಲ ಅದೇ ದುಡ್ಡಿಗೆ ಸ್ಯಾಷೆಯಲ್ಲಿ ಹೆಚ್ಚು ಸಿಗುತ್ತದೆ. ಕೊನೇಪಕ್ಷ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತುಂಗೆಯ ರಾಮಕೊಂಡದ ಸ್ನಾನಕ್ಕೆ ಇಳಿಯುವವರು ಸ್ಯಾಷೆಯನ್ನು ದಡದಲ್ಲೇ ಬಿಚ್ಚದಿರಲಿ. ಬಂಡೆಯ ಸಂದಿಗೆ ಸಿಕ್ಕಿದ್ದನ್ನು ಜೂನ್‌ನ ಮೊದಲ ನೀರು ತೊಳೆದುಕೊಂಡು ಹೋಗುತ್ತದೆ.

ಪ್ರಾಣಿಗಳಿಗೆ ಇದರಿಂದ ಏನಾಗುತ್ತದೆ? ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ನಾಲಿಗೆಯಿಂದ ಬಾಚಿ ತಿನ್ನುತ್ತದೆ, ಅನ್ನ ಬೇರೆ ಕವರು ಬೇರೆ ಮಾಡಲಾರದು. ಹೊಟ್ಟೆಯ ಮೊದಲ ಚೀಲದಲ್ಲಿ ಅದು ಉಂಡೆಗಟ್ಟುತ್ತದೆ, ಮೆಲುಕಿಗೂ ಬರುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಕೊನೆಗೆ ಹೊಟ್ಟೆ ಕೊಯ್ದೇ ತೆಗೆಯಬೇಕು. ಹಳಸಿದ ಅನ್ನವನ್ನು ಕೊಟ್ಟೆಯಲ್ಲಿ ಗಂಟುಕಟ್ಟಿ ಎಸೆಯುವವರು ಇದನ್ನು ತಿಳಿಯಬೇಕು. ಕಡಲಾಮೆಯದ್ದು ಇನ್ನೊಂದು ರೀತಿ. ಹೊನ್ನಾವರದ ಟೊಂಕದ ದಂಡೆಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಆಮೆಯ ಅನ್ನನಾಳದ ತುಂಬ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ನುಂಗಿದ ಆಹಾರ ಜಾರಿ ಹೊರಬರದಿರಲಿ ಎಂದು. ಕವರು ನುಂಗಿದರೂ ಅದೇ ಮುಳ್ಳು ತಡೆಯುತ್ತದೆ. ನೀರಿನಲ್ಲಿ ವಾರಗಟ್ಟಲೆ ತೇಲಿದ ಪ್ಲಾಸ್ಟಿಕ್ ಮೇಲೆ ಪಾಚಿ ಬೆಳೆದು ಆಹಾರದ ವಾಸನೆಯೇ ಬರುತ್ತದೆ ಎಂಬುದನ್ನೂ ಕಂಡುಕೊಂಡಿದ್ದಾರೆ. ಕಣ್ಣು ಮಾತ್ರವಲ್ಲ, ಮೂಗೂ ಮೋಸಹೋಗುತ್ತದೆ.

ಕೊನೆಗೆ, ಇಷ್ಟಾದರೂ ಹಳ್ಳಕ್ಕೆ ಬೀಳುವುದನ್ನು ಹಿಡಿಯುವ ಬಗೆ. ಒಣಗಿದ ಹಳ್ಳದಲ್ಲಿ ವರ್ಷವಿಡೀ ಕೂಡಿದ ಕಸವನ್ನು ಮೊದಲ ಎರಡು ಮೂರು ದೊಡ್ಡ ಮಳೆಗಳೇ ಹೊತ್ತೊಯ್ಯುತ್ತವೆ. ಆದ್ದರಿಂದ ಮೇ ಎರಡನೇ ವಾರದಲ್ಲಿ ಹಳ್ಳ ಗುಡಿಸಿ ಕಸ ಎತ್ತಬೇಕು, ಒಣಗಿರುತ್ತದೆ, ಹಗುರ, ಪಂಚಾಯಿತಿಯ ಸ್ವಚ್ಛವಾಹಿನಿಯವರು ಒಣಕಸವೆಂದು ತೆಗೆದುಕೊಳ್ಳುತ್ತಾರೆ. ಆಮೇಲೆ ಊರಿನ ಕೆಳಗೆ, ನೀರು ನಿಧಾನವಾಗಿರುವ ಜಾಗ ನೋಡಿ ನಾಲ್ಕೈದು ಬಿದಿರು ಸೇರಿಸಿ ಕಟ್ಟಿ ಅಡ್ಡಲಾಗಿ ತೇಲಬಿಡಿ, ಎರಡೂ ತುದಿಗೆ ಹಗ್ಗ ಕೊಟ್ಟು ಮರಕ್ಕೆ ಕಟ್ಟಿ. ನೇರ ಅಡ್ಡ ಕಟ್ಟಬೇಡಿ. ನೇರ ಇದ್ದರೆ ಕಸ ಅಲ್ಲೇ ಒತ್ತಿಕೊಂಡು ಅಡಿಯಿಂದ ನುಸುಳುತ್ತದೆ. ಒಂದು ತುದಿ ಮೇಲೆ, ಇನ್ನೊಂದು ಸಾಕಷ್ಟು ಕೆಳಗೆ, ಓರೆಯಾಗಿದ್ದರೆ ತೇಲುವುದೆಲ್ಲ ಬಿದಿರಿನ ಗುಂಟ ಜಾರಿ ದಡಕ್ಕೆ ಬಂದು ನಿಲ್ಲುತ್ತದೆ, ಅಲ್ಲಿಂದ ಕುಕ್ಕೆಯಲ್ಲಿ ಎತ್ತಬಹುದು. ಜಾಲರಿ ಕಟ್ಟಲು ಹೋಗಬೇಡಿ. ಮಲೆನಾಡಿನ ಹಳ್ಳದಲ್ಲಿ ದರಕು (ಒಣಎಲೆ) ಬಂದು ಒಂದೇ ಮಳೆಗೆ ಕಟ್ಟಿಕೊಂಡು ನೀರು ತೋಟಕ್ಕೆ ನುಗ್ಗುತ್ತದೆ. ಹಗ್ಗ ಸಡಿಲವಿರಲಿ, ನೀರು ಏರಿದಂತೆ ಬಿದಿರೂ ಏರಬೇಕು. ಪ್ರತಿ ಮಳೆಯ ಮರುದಿನ ದಡದ ಕಸ ಎತ್ತಲೇಬೇಕು, ಬಿಟ್ಟರೆ ಮುಂದಿನ ಮಳೆ ಒಯ್ಯುತ್ತದೆ. ಜೂನ್ ಮುಗಿಯುವುದರೊಳಗೆ ಬಿದಿರನ್ನು ಬಿಚ್ಚಿ ಮೇಲೆ ಹಾಕಿ. ಜುಲೈ ನೆರೆಗೆ ಅದನ್ನು ಅಲ್ಲೇ ಬಿಟ್ಟರೆ ಸಂಕಕ್ಕೆ (ಕಾಲುಸೇತುವೆಗೆ) ಹೋಗಿ ಬಡಿದು, ಸಂಕವನ್ನೂ ಕರೆದುಕೊಂಡು ಹೋಗುತ್ತದೆ.